ಹೊಸ ಹೋಟೆಲಿನ ಫೋ, ಸ್ಟೋರಿ ರಸ್ತೆಯ ಫೋ

ನಮ್ಮ ಮನೆಯಿಂದ ಐದು ನಿಮಿಷ ನಡೆದರೆ ಸಿಗುವ ಅಂಗಡಿಸಾಲಿನಲ್ಲಿ ಈ ಬೇಸಿಗೆಗೆ ಒಂದು ವಿಯೆಟ್ನಾಂ ಹೋಟೆಲ್ ಬಾಗಿಲು ತೆರೆಯಿತು. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದ ಎವರ್‌ಗ್ರೀನ್ ಭಾಗದಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ ಎರಡು ತಿಂಗಳಿಂದ ಅದರದೇ ಮಾತು. ನಾನು ಅಲ್ಲಿಗೆ ನಾಲ್ಕು ಸಲ ಹೋಗಿದ್ದೇನೆ. ಕಾರಿನಲ್ಲಿ ಹದಿನೈದು ನಿಮಿಷ ದೂರವಿರುವ ಸ್ಟೋರಿ ರಸ್ತೆಯ ಹಳೆಯ ಸಸ್ಯಾಹಾರಿ ವಿಯೆಟ್ನಾಂ ಹೋಟೆಲಿಗೆ ಈಗ ಪ್ರತಿ ಶನಿವಾರ ಹೋಗುತ್ತಿದ್ದೇನೆ. ಎರಡರಲ್ಲಿ ಯಾವುದು ಎಂದು ಕೇಳಿದವರಿಗೆಲ್ಲ ಸ್ಟೋರಿ ರಸ್ತೆ ಎಂದೇ ಹೇಳಿದ್ದೇನೆ. ಏಕೆ ಎಂಬುದನ್ನು ಬಿಡಿಸಿ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಹೊಸ ಹೋಟೆಲ್ ಕೆಟ್ಟದ್ದಲ್ಲ. ಮಾಂಸ ತಿನ್ನುವವರ ಬಾಯಲ್ಲಿ ಅದರ ಬಗ್ಗೆ ಹೊಗಳಿಕೆಯನ್ನೇ ಕೇಳಿದ್ದೇನೆ. ಪಕ್ಕದ ಮನೆಯ ಧಾರವಾಡದ ದಂಪತಿ ವಾರಕ್ಕೆರಡು ಸಲ ಹೋಗುತ್ತಾರೆ. ಫೋ ಎಂದರೆ ಬಿಸಿ ರಸದಲ್ಲಿ ಅಕ್ಕಿ ಶಾವಿಗೆ ಹಾಕಿ ಬಟ್ಟಲಲ್ಲಿ ಕೊಡುವ ವಿಯೆಟ್ನಾಂ ಊಟ. ಅಲ್ಲಿಯ ಫೋದ ಎಲುಬಿನ ರಸ ಎಷ್ಟು ತಿಳಿಯಾಗಿದೆ ಎಂದರೆ ಬಟ್ಟಲಿನ ತಳದ ಚಿತ್ರ ಕಾಣುತ್ತದೆ ಎನ್ನುತ್ತಾರೆ. ನನ್ನ ಮಗನಿಗೆ ಅಲ್ಲಿಯ ಕುರ್ಚಿ, ದೀಪ, ಗೋಡೆಯ ಚಿತ್ರ ಎಲ್ಲವೂ ಇಷ್ಟ. ಆದರೆ ನಮ್ಮ ಮನೆಯಲ್ಲಿ ನಾನು ಮತ್ತು ಅಮ್ಮ ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯನ್ನೂ ಮುಟ್ಟುವವರಲ್ಲ. ನಮ್ಮಂಥವರಿಗೆ ಈ ಎರಡು ಹೋಟೆಲುಗಳ ನಡುವೆ ಅಜಗಜಾಂತರವಿದೆ.

ಅಮ್ಮ ಸಾಗರದಿಂದ ಆರು ತಿಂಗಳಿಗೆಂದು ಬಂದಿದ್ದಾಳೆ. ಎಪ್ಪತ್ತೊಂದು ವರ್ಷ. ಬಂದ ಎರಡನೆಯ ವಾರ, ಹೊಸ ಹೋಟೆಲು ತೆರೆದಿದೆ, ನಡೆದೇ ಹೋಗಬಹುದು ಎಂದು ನಾನೇ ಕರೆದುಕೊಂಡು ಹೋದೆ. ಮೆನುವಿನಲ್ಲಿ ತರಕಾರಿ ಮತ್ತು ತೋಫು (ಸೋಯಾ ಪನೀರ್) ಹಾಕಿದ ಫೋ ಇತ್ತು, ಅದರ ಮುಂದೆ ಪುಟ್ಟದೊಂದು ಹಸಿರು ಎಲೆಯ ಗುರುತು. ಅಮ್ಮ ಆ ಎಲೆಯನ್ನು ಬೆರಳಿಟ್ಟು ತೋರಿಸಿ ಸಮಾಧಾನಪಟ್ಟಳು. ನಮ್ಮ ದೇಶದಲ್ಲಿ ಪೊಟ್ಟಣದ ಮೇಲಿನ ಹಸಿರು ಚುಕ್ಕಿಗೆ ಕಾನೂನಿನ ಬಲವಿದೆ. ಈ ಎಲೆಗೆ ಅಂಥ ಬಲವೇನೂ ಇಲ್ಲ, ಹೋಟೆಲಿನವರು ಅಂದುಕೊಂಡದ್ದೇ ಅದರ ಅರ್ಥ. ಅದು ನನಗೆ ಗೊತ್ತಿರಬೇಕಿತ್ತು. ಹತ್ತು ವರ್ಷದಿಂದ ಇಲ್ಲಿರುವವಳು ನಾನು.

ಬಟ್ಟಲು ಬಂತು. ಘಮ ಚೆನ್ನಾಗಿತ್ತು. ಅಮ್ಮ ಮೂರು ನಾಲ್ಕು ಚಮಚ ಕುಡಿದು, "ಇದು ಯಾವ ಬೇಳೆಯ ಕಟ್ಟು? ಇಷ್ಟು ರುಚಿ ಹೇಗೆ ಬಂತು?" ಎಂದು ಕೇಳಿದಳು. ತರಕಾರಿಯದಿರಬೇಕು ಎಂದೆ. ಅವಳು ತಿನ್ನುವುದು ನಿಧಾನ. ಅರ್ಧ ಬಟ್ಟಲು ಮುಗಿಯುವ ಹೊತ್ತಿಗೆ ರಸ ಆರಿತ್ತು. ಆಗ ನೋಡಿದೆ: ಅವಳು ಪಕ್ಕಕ್ಕಿಟ್ಟ ಚಮಚದ ಹೊಟ್ಟೆಗೆ ಬಿಳಿಯ ತೆಳು ಪೊರೆಯೊಂದು ಅಂಟಿಕೊಂಡಿತ್ತು. ಬೆರಳಿನಿಂದ ಒತ್ತಿದರೆ ಮೇಣದ ಹಾಗೆ ಜಾರಿತು. ಅಮ್ಮ ಅದನ್ನು ನೋಡಿ, "ತೆಂಗಿನೆಣ್ಣೆ ಹಾಕಿದ್ದಾರೇನೋ, ಚಳಿಗೆ ಹೆರೆದಿದೆ" ಎಂದಳು. ನನ್ನ ಎದೆ ಧಸಕ್ಕೆಂದಿತು. ಈ ರಸಕ್ಕೆ ತೆಂಗಿನೆಣ್ಣೆ ಹಾಕುವುದಿಲ್ಲ.

ಬಡಿಸುವ ಹುಡುಗನನ್ನು ಕರೆದು ಕೇಳಿದೆ. ಅವನು ಯಾವ ಅಳುಕೂ ಇಲ್ಲದೆ, ಇದರಲ್ಲಿ ಮಾಂಸದ ತುಂಡು ಒಂದೂ ಇಲ್ಲ, ರಸ ಮಾತ್ರ ದನದ ಎಲುಬಿನದು ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ಪಾಲಿಗೆ ಸಸ್ಯಾಹಾರ ಎಂದರೆ ಬಟ್ಟಲಿನಿಂದ ಮಾಂಸ ಎತ್ತಿಡುವುದು, ಅಷ್ಟೇ. ನನ್ನ ಮುಖ ನೋಡಿ ಅವನಿಗೆ ಗಾಬರಿಯಾಯಿತು. ಹಣ ಬೇಡ ಎಂದ, ಎರಡು ಸಲ ಕ್ಷಮೆ ಕೇಳಿದ. ಅಮ್ಮನಿಗೆ ನಾನು ಏನೂ ಹೇಳದೆಯೇ ಅರ್ಥವಾಗಿತ್ತು. ಒಂದು ಲೋಟ ನೀರು ಕುಡಿದು ಎದ್ದು ನಿಂತಳು. ದಾರಿಯಲ್ಲಿ, "ಆ ಹುಡುಗನನ್ನು ಬೈಯಬೇಡ" ಎಂದಳು, ಅಷ್ಟೇ. ಮನೆಗೆ ಬಂದು ತಲೆಗೆ ಸ್ನಾನ ಮಾಡಿದಳು. ರಾತ್ರಿ ಊಟ ಮಾಡಲಿಲ್ಲ. ಅವಳು ಅಳಲೂ ಇಲ್ಲ, ನನ್ನನ್ನು ದೂರಲೂ ಇಲ್ಲ. ಅದಕ್ಕೇ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಒಂದು ವಾರ ಬಿಟ್ಟು ನಾನೊಬ್ಬಳೇ ಮತ್ತೆ ಹೋದೆ, ವಿವರವಾಗಿ ಕೇಳಿಕೊಂಡು ಬರಲು. ಅವರಲ್ಲಿ ತರಕಾರಿಯ ರಸವೇ ಇಲ್ಲ, ಒಂದು ಹಂಡೆ ದನದ್ದು, ಒಂದು ಹಂಡೆ ಕೋಳಿಯದು. ಕರಿದ ಸುರುಳಿಗಳೆಲ್ಲ ಒಂದೇ ಎಣ್ಣೆಯಲ್ಲಿ ಏಳುತ್ತವೆ. ಅಕ್ಕಿ ಹಾಳೆಯಲ್ಲಿ ಸುತ್ತಿದ ತೋಫುವಿನ ಹಸಿ ಸುರುಳಿ ಮತ್ತು ಅದರ ಜೊತೆಯ ಕಡಲೆಕಾಯಿ ಚಟ್ನಿ ಮಾತ್ರ ನಮಗೆ ಆಗುತ್ತದೆ ಎಂದು ಅಡುಗೆಮನೆಯವರೇ ಹೇಳಿದರು. ಅದನ್ನು ತಿಂದೆ, ಚೆನ್ನಾಗಿತ್ತು. ಶಾವಿಗೆಯ ಬಟ್ಟಲಿಗೆ ಸುರಿದುಕೊಳ್ಳಲು ಕೊಡುವ ತಿಳಿ ಹುಳಿಸಿಹಿ ರಸದಲ್ಲಿ ಮೀನಿದೆ.

ಈ ಮೀನಿನ ವಿಷಯವನ್ನು ನನಗೆ ಬಿಡಿಸಿ ಹೇಳಿದವಳು ನನ್ನ ಕಚೇರಿಯ ಗೆಳತಿ. 1975ರ ಏಪ್ರಿಲ್ 30ರಂದು ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್ ಉತ್ತರದ ಸೇನೆಯ ವಶವಾದ ಮೇಲೆ ಊರು ತೊರೆದವರ ಮಗಳು. ಈ ಒಂದೇ ನಗರದಲ್ಲಿ ವಿಯೆಟ್ನಾಂ ಮೂಲದವರು ಒಂದು ಲಕ್ಷಕ್ಕೂ ಹೆಚ್ಚು. ಸಣ್ಣ ಬೂತಾಯಿಯಂಥ ಮೀನಿಗೆ ಉಪ್ಪು ಬೆರೆಸಿ ಮರದ ಪೀಪಾಯಿಯಲ್ಲಿ ಸುಮಾರು ಒಂದು ವರ್ಷ ಇಟ್ಟರೆ ಇಳಿಯುವ ರಸವೇ ನುವೊಕ್ ಮಮ್. ಫು ಕ್ವೊಕ್ ದ್ವೀಪದ್ದಕ್ಕೆ ದೊಡ್ಡ ಹೆಸರು. ಅವರ ಅಡುಗೆಯಲ್ಲಿ ಅದು ಉಪ್ಪಿನ ಜಾಗದಲ್ಲಿದೆ. "ನೀನು ಮಾಂಸ ಬೇಡ ಎಂದರೆ ಅಡುಗೆಯವನು ಮಾಂಸ ಬಿಡುತ್ತಾನೆ, ಉಪ್ಪು ಬಿಡುತ್ತಾನೆಯೇ?" ಎಂದು ಕೇಳಿದಳು. ಅಲ್ಲಿಯವರೆಗೆ ನನ್ನ ಸಿಟ್ಟೆಲ್ಲ ಆ ಹಸಿರು ಎಲೆಯ ಮೇಲಿತ್ತು. ನಾನು ಕೇಳಿದ ಪ್ರಶ್ನೆಯೂ ತಪ್ಪಾಗಿತ್ತು ಎಂದು ಆಗ ಹೊಳೆಯಿತು.

ಕೇಳಬೇಕಾದ ಪದ ಚೈ. ಅವರ ಭಾಷೆಯಲ್ಲಿ ಅದು ಬೌದ್ಧರ ವ್ರತದ ಊಟದ ಹೆಸರು: ಮಾಂಸವಿಲ್ಲ, ಮೀನಿಲ್ಲ, ಮೀನಿನ ರಸವೂ ಇಲ್ಲ. ಉಚ್ಚಾರ ಚಿಕ್ಕದಾಗಿರಬೇಕು, ಚಾಯ್ ಎಂದು ಎಳೆದರೆ ಸೀಸೆ ಎಂಬ ಅರ್ಥ ಬರುತ್ತದೆ ಎಂದು ಗೆಳತಿ ನನ್ನಿಂದ ಹತ್ತು ಸಲ ಹೇಳಿಸಿದಳು. ತೋಯ್ ಅನ್ ಚೈ, ಎಂದರೆ ನಾನು ಚೈ ತಿನ್ನುವವಳು. ಹೋಟೆಲಿನ ಫಲಕದ ಮೇಲೆಯೇ ಈ ಪದವಿದ್ದರೆ ಒಳಗಿನ ಅಡುಗೆಮನೆಯೆಲ್ಲ ಅದೇ. ಸ್ಟೋರಿ ರಸ್ತೆಯ ಹೋಟೆಲಿನ ವಿಳಾಸ ಕೊಟ್ಟವಳೂ ಅವಳೇ.

ಅಮ್ಮನನ್ನು ಮತ್ತೆ ಹೊರಡಿಸುವುದು ಸುಲಭವಾಗಲಿಲ್ಲ. ಬಂದರೂ ಕಾಫಿ ಮಾತ್ರ ಕುಡಿಯುತ್ತೇನೆ ಎಂದೇ ಬಂದಳು. ಒಳಗೆ ಹೋದರೆ ಮಧ್ಯಾಹ್ನದ ಹನ್ನೆರಡಕ್ಕೇ ಒಂದು ಮೇಜೂ ಖಾಲಿಯಿರಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕ್ವಾನ್ ಅಮ್ ದೇವಿಯ ಬಿಳಿಯ ಮೂರ್ತಿ, ಮುಂದೆ ಕಿತ್ತಳೆ ಹಣ್ಣು, ಊದುಬತ್ತಿ. ನಮ್ಮ ಅವಲೋಕಿತೇಶ್ವರನೇ ಅಲ್ಲಿ ದೇವಿಯಾಗಿದ್ದಾಳೆ. ಇಷ್ಟು ಜನ ಏಕೆ ಎಂದು ಕೇಳಿದ್ದಕ್ಕೆ ಬಡಿಸುವ ಹೆಂಗಸು, ಇಂದು ಚಾಂದ್ರಮಾನದ ಹದಿನೈದನೆಯ ದಿನ, ವರ್ಷವೆಲ್ಲ ಮಾಂಸ ತಿನ್ನುವವರೂ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಚೈ ತಿನ್ನುತ್ತಾರೆ ಎಂದಳು. ನಾನು ಅದನ್ನು ಕನ್ನಡಕ್ಕೆ ತಿರುಗಿಸುವ ಮೊದಲೇ ಅಮ್ಮ, "ಇವತ್ತು ಹುಣ್ಣಿಮೆ ಅಲ್ಲವೇ" ಎಂದು ಕುರ್ಚಿ ಎಳೆದುಕೊಂಡು ಕುಳಿತಳು.

ಅವಳಿಗೆ ಇನ್ನೊಂದು ಧೈರ್ಯ ಬಂದದ್ದು ಈರುಳ್ಳಿಯಿಂದ. ಕಟ್ಟುನಿಟ್ಟಿನ ಚೈ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಮೊದಲಾದ ಐದು ಘಾಟು ಪದಾರ್ಥಗಳು ನಿಷಿದ್ಧ, ಈ ಹೋಟೆಲು ಆ ಕ್ರಮದ್ದು. ಹಳೆಯ ಬೌದ್ಧ ಪಟ್ಟಿಯಲ್ಲಿ ಐದನೆಯದು ಇಂಗು ಎಂದು ಹೇಳಿದಾಗ ಅಮ್ಮ ಬಹಳ ಹೊತ್ತು ಯೋಚಿಸಿದಳು. ಬೆಳ್ಳುಳ್ಳಿ ಬಿಟ್ಟ ನಮಗೆ ಇಂಗೇ ಆಸರೆ, ಅವರು ಅದನ್ನೂ ಬಿಟ್ಟು ರುಚಿ ತರುತ್ತಾರಲ್ಲ ಎಂದಳು. ಹೇಗೆ ತರುತ್ತಾರೆಂದು ಬಡಿಸುವವಳನ್ನೇ ಕೇಳಿದೆವು: ಮೂಲಂಗಿ, ಗಜ್ಜರಿ, ಎಲೆಕೋಸು, ಅಣಬೆಯ ತೊಟ್ಟು, ಕಾಳು ಬಿಡಿಸಿದ ಜೋಳದ ದಿಂಡು, ಬೆಂಕಿಯಲ್ಲಿ ಕಪ್ಪಗೆ ಸುಟ್ಟ ಶುಂಠಿ. ಮಸಾಲೆಯನ್ನು ಅವಳು ಹೇಳಬೇಕಾಗಲಿಲ್ಲ. ಅಮ್ಮ ಬಟ್ಟಲಿನ ಮೇಲೆ ಬಾಗಿ, ಚಕ್ರಮೊಗ್ಗು, ಚೆಕ್ಕೆ, ಲವಂಗ ಎಂದು ಎಣಿಸಿ, ಪಲಾವಿನ ಪರಿಮಳ ನೀರಿಗೆ ಇಳಿದಿದೆ ಎಂದಳು. ಚಮಚ ತಣ್ಣಗಾಗುವವರೆಗೂ ನಾನು ಅದನ್ನೇ ನೋಡುತ್ತಿದ್ದೆ. ಪೊರೆ ಕಟ್ಟಲಿಲ್ಲ. ಅಮ್ಮ ಬಟ್ಟಲು ಬರಿದು ಮಾಡಿದಳು.

ರಸದ ಗಾಢತೆ ಎಲುಬಿನದರಷ್ಟು ಇಲ್ಲ ಎಂದು ನನ್ನ ಪತಿ ಹೇಳುತ್ತಾರೆ. ಎರಡನ್ನೂ ಕುಡಿದವರು ಅವರು, ಇರಬಹುದು.

ಸೊಪ್ಪಿನ ತಟ್ಟೆಯಲ್ಲಿ ಸ್ಟೋರಿ ರಸ್ತೆಯ ಸಮಕ್ಕೆ ಹೊಸದು ಬರುವುದಿಲ್ಲ. ಹೊಸ ಹೋಟೆಲಿನಲ್ಲಿ ನಾಲ್ಕು ಕಡ್ಡಿ ತುಳಸಿ, ಒಂದು ಹಿಡಿ ಮೊಳಕೆ, ಒಂದು ಹೋಳು ನಿಂಬೆ. ಸ್ಟೋರಿ ರಸ್ತೆಯಲ್ಲಿ ತಟ್ಟೆ ತುಂಬ ಕಾಮಕಸ್ತೂರಿಯನ್ನು ನೆನಪಿಸುವ ಅವರ ತುಳಸಿ, ಪುದೀನ, ಗರಗಸದಂಥ ಅಂಚಿನ ಉದ್ದೆಲೆಯ ಕೊತ್ತಂಬರಿ. ಹೀಗೆ ಸೊಪ್ಪನ್ನು ರಾಶಿ ಹಾಕುವುದು ದಕ್ಷಿಣದವರ ರೂಢಿಯಂತೆ. ಉತ್ತರದಲ್ಲಿ ಹುಟ್ಟಿದ ಫೋ 1954ರಲ್ಲಿ ದೇಶ ಇಬ್ಭಾಗವಾದಾಗ ವಲಸೆ ಬಂದವರ ಜೊತೆ ಸೈಗಾನಿಗೆ ಇಳಿದು, ಅಲ್ಲಿ ಸೊಪ್ಪು, ಮೊಳಕೆ, ಸಿಹಿ ಚಟ್ನಿಗಳನ್ನು ಕೂಡಿಸಿಕೊಂಡಿತು. ಅಮೆರಿಕಕ್ಕೆ ಬಂದವರಲ್ಲಿ ಹೆಚ್ಚಿನವರು ದಕ್ಷಿಣದವರಾದ್ದರಿಂದ ಅದೇ ಕ್ರಮ ಉಳಿದಿದೆ.

ನಮ್ಮವರು ತಪ್ಪದೆ ತಿನ್ನಬೇಕಾದದ್ದು ಬಾನ್ ಸೆಯೋ. ಅಕ್ಕಿ ಹಿಟ್ಟಿಗೆ ತೆಂಗಿನ ಹಾಲು, ಅರಿಸಿನ ಹಾಕಿ ಕದಡಿ, ಕಾದ ಬಾಣಲೆಗೆ ತೆಳ್ಳಗೆ ಹೊಯ್ಯುತ್ತಾರೆ. ಹೊಯ್ದಾಗ ಬರುವ ಚುಂಯ್ ಸದ್ದೇ ಸೆಯೋ. ಒಳಗೆ ಹೆಸರುಬೇಳೆ, ಮೊಳಕೆ, ಅಣಬೆ. ಅಂಚು ನೀರುದೋಸೆಯ ಹಾಗೆ ಜಾಳಿಗೆ, ಮುರಿದರೆ ಹಪ್ಪಳ. ತುಂಡು ಮಾಡಿ ಹಸಿ ಎಲೆಯಲ್ಲಿ ಸುತ್ತಿ ಹುಳಿಸಿಹಿ ರಸದಲ್ಲಿ ಅದ್ದಿ ತಿನ್ನಬೇಕು. ಹೊಸ ಹೋಟೆಲಿನಲ್ಲಿ ಇದನ್ನು ಸೀಗಡಿ ಇಲ್ಲದೆ ಮಾಡಿಕೊಡುವುದಿಲ್ಲ.

ಸ್ಟೋರಿ ರಸ್ತೆಯಲ್ಲಿ ನನಗೆ ಒಗ್ಗದ ಸಂಗತಿಯೂ ಇದೆ. ಸೋಯಾ, ಗೋಧಿಯ ಅಂಟಿನಿಂದ ಮಾಂಸದ ಹಾಗೆಯೇ ಮಾಡಿದ ತಿನಿಸುಗಳು ಮೆನುವಿನ ಅರ್ಧದಷ್ಟಿವೆ. ಪಕ್ಕದ ಮೇಜಿಗೆ ಬಂದ ಮೀನಿಗೆ ಕಡಲಕಳೆಯ ಕಪ್ಪು ಚರ್ಮವೂ ಇತ್ತು. ಅಮ್ಮ ಮುಖ ತಿರುಗಿಸಿದಳು. ಆರ್ಡರ್ ಮಾಡುವಾಗ ತೋಫು ಮತ್ತು ಅಣಬೆ ಮಾತ್ರ ಹಾಕಿ ಎಂದು ಹೇಳಿದರೆ ಹಾಗೆಯೇ ತರುತ್ತಾರೆ.

ಕಾಫಿಯಲ್ಲಿ ಮಾತ್ರ ಹೊಸ ಹೋಟೆಲಿಗೆ ನನ್ನ ಪೂರ್ತಿ ಮತ. ಫಿನ್ ಎಂಬ ಪುಟ್ಟ ಲೋಹದ ಫಿಲ್ಟರನ್ನು ಲೋಟದ ಬಾಯಿಗೇ ಕೂರಿಸಿ ತರುತ್ತಾರೆ. ನಮ್ಮ ಫಿಲ್ಟರಿನ ಮೇಲಿನ ಪಾತ್ರೆ ಮಾತ್ರ ಇದ್ದಂತೆ, ಪುಡಿಯ ಮೇಲೆ ತೂತಿನ ಬಿಲ್ಲೆ, ಅದರ ಮೇಲೆ ಬಿಸಿ ನೀರು. ಕೆಳಗೆ ಎರಡು ಬೆರಳು ಎತ್ತರದ ಗಟ್ಟಿ ಸಿಹಿ ಹಾಲು. ತೊಟ್ಟು ತೊಟ್ಟಾಗಿ ಇಳಿಯಲು ನಾಲ್ಕೈದು ನಿಮಿಷ ಬೇಕು. ಕೊಡಗಿನ ರೊಬಸ್ಟಾ ಕುಡಿದವರಿಗೆ ಆ ಕಹಿ ಗುರುತು ಹತ್ತುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ರೊಬಸ್ಟಾ ಬೆಳೆಯುವವರು ಅವರೇ. ಚಿಕೋರಿ ಇಲ್ಲ. ಸ್ಟೋರಿ ರಸ್ತೆಯಲ್ಲಿ ಕಾಫಿಯನ್ನು ಮೊದಲೇ ಮಾಡಿ ಡಬ್ಬದಲ್ಲಿಟ್ಟಿರುತ್ತಾರೆ, ಬೇಡವೇ ಬೇಡ. ಅಲ್ಲಿ ಬಿಸಿ ಸೋಯಾ ಹಾಲು ಕುಡಿಯಿರಿ.

ಬೆಲೆ: ಹೊಸದರಲ್ಲಿ ಒಂದು ಬಟ್ಟಲಿಗೆ 17 ಡಾಲರ್ ಕೊಟ್ಟೆ, ಸ್ಟೋರಿ ರಸ್ತೆಯಲ್ಲಿ 13. ಸ್ಟೋರಿ ರಸ್ತೆಯಲ್ಲಿ ನಗದು ಮಾತ್ರ. ಕುರ್ಚಿ ಹಳೆಯವು, ಪಾರ್ಕಿಂಗ್ ಕಷ್ಟ.

ತಿಂಗಳಿಗೆ ನಾಲ್ಕು ಸಲ ಮೂವರು ನಾಲ್ವರು ಹೊರಗೆ ಉಣ್ಣುವ ನನ್ನಂಥವಳಿಗೆ ಆ 4 ಡಾಲರ್ ಲೆಕ್ಕಕ್ಕೆ ಬರುತ್ತದೆ. ಆದರೆ ಬೆಲೆ ತಿರುಗುಮುರುಗಾಗಿದ್ದರೂ ನಾನು ಅಲ್ಲಿಗೇ ಹೋಗುತ್ತಿದ್ದೆ, ಏಕೆಂದರೆ ಅಲ್ಲಿ ಅಮ್ಮ ಏನನ್ನೂ ಕೇಳದೆ ಚಮಚ ಎತ್ತಿಕೊಳ್ಳುತ್ತಾಳೆ. ಬುಧವಾರ ಸಂಜೆ ಕಚೇರಿಯಿಂದ ಬರುವಾಗ ಹೊಸ ಹೋಟೆಲಿನಲ್ಲಿ ಒಂದು ಕಾಫಿ ಕುಡಿಯುತ್ತೇನೆ. ಆ ಹುಡುಗ ಈಗ ನನ್ನನ್ನು ಗುರುತಿಸುತ್ತಾನೆ. ಕಳೆದ ವಾರ ಹೊಸ ಮೆನು ತಂದು ತೋರಿಸಿದ. ಆ ಫೋ ಮುಂದಿನ ಹಸಿರು ಎಲೆಯನ್ನು ತೆಗೆದಿದ್ದಾರೆ.

ಸ್ಟೋರಿ ರಸ್ತೆಗೆ ಹುಣ್ಣಿಮೆಯ ದಿನ ಹೋಗುವುದಾದರೆ ಹನ್ನೊಂದೂವರೆಗೇ ಹೋಗಿ. ಹನ್ನೆರಡಾದರೆ ಸಾಲು ಬಾಗಿಲಾಚೆಗೆ ಬಂದಿರುತ್ತದೆ, ಬಾನ್ ಸೆಯೋ ಒಂದು ಗಂಟೆಯೊಳಗೆ ಮುಗಿಯುತ್ತದೆ.