ಡಿಗ್ರಿಯೋ, ರೇಡಿಯನ್ನೋ, ಗ್ರೇಡಿಯನ್ನೋ?

ಕೋನ ಅಳೆಯಲು ಈ ಮೂರರಲ್ಲಿ ಯಾವ ಮಾನ ಬಳಸಬೇಕು? ನಕ್ಷೆ ಓದಲು, ಬಡಗಿ ಕೆಲಸಕ್ಕೆ ಡಿಗ್ರಿಯೇ ಸಾಕು. ಪೂರ್ಣ ಸುತ್ತು 360. ಅದು 2, 3, 4, 5, 6ರಿಂದೆಲ್ಲ ಭಾಗವಾಗುವುದರಿಂದ ಲೆಕ್ಕ ಸಲೀಸು. ತೊಡಕಿರುವುದು ನಿಮಿಷಗಳಲ್ಲಿ (ಒಂದು ಡಿಗ್ರಿಗೆ 60 ನಿಮಿಷ): 12 ಡಿಗ್ರಿ 30 ನಿಮಿಷ ಅಂದರೆ 12.30 ಅಲ್ಲ, 12.5.

ಕಲನಶಾಸ್ತ್ರ, ಭೌತಶಾಸ್ತ್ರ, ಪ್ರೋಗ್ರಾಮಿಂಗ್‌ಗೆ ಬಂದರೆ ನನ್ನ ಮತ ರೇಡಿಯನ್‌ಗೇ. ತ್ರಿಜ್ಯದಷ್ಟೇ ಉದ್ದದ ಕಂಸ ವೃತ್ತದ ಕೇಂದ್ರದಲ್ಲಿ ಮಾಡುವ ಕೋನವೇ ಒಂದು ರೇಡಿಯನ್. ಹಾಗಾಗಿ ತ್ರಿಜ್ಯವನ್ನು ಕೋನದಿಂದ ಗುಣಿಸಿದರೆ ಕಂಸದ ಉದ್ದ ನೇರವಾಗಿ ಸಿಗುತ್ತದೆ. ಸೈನ್ ಅನ್ನು ಅವಕಲಿಸಿದರೆ ಬರೀ ಕೊಸೈನ್ ಬರುವುದೂ ಇಲ್ಲಿ ಮಾತ್ರ. ಡಿಗ್ರಿಯನ್ನು ಪೈಯಿಂದ ಗುಣಿಸಿ 180ರಿಂದ ಭಾಗಿಸಿದರೆ ರೇಡಿಯನ್. ಒಂದು ರೇಡಿಯನ್ ಸುಮಾರು 57.3 ಡಿಗ್ರಿ. ಪೈಥಾನ್‌ನ ಸೈನ್‌ಗೆ 30 ಕೊಟ್ಟರೆ ಅದು ರೇಡಿಯನ್ ಎಂದೇ ತಿಳಿಯುತ್ತದೆ; 0.5 ಬರುವುದಿಲ್ಲ, ಸುಮಾರು -0.988 ಬರುತ್ತದೆ. ಪರೀಕ್ಷೆಗೆ ಕೂರುವವರು ದಯವಿಟ್ಟು ಕ್ಯಾಲ್ಕುಲೇಟರಿನ ಮೋಡ್ ಮೊದಲೇ ನೋಡಿಕೊಳ್ಳಿ.

ಗ್ರೇಡಿಯನ್‌ನಲ್ಲಿ ಸುತ್ತು 400, ಲಂಬಕೋನ 100. ಫ್ರಾನ್ಸಿನ ಕಡೆಯ ಸರ್ವೇ ಲೆಕ್ಕ ಕೈಗೆ ಬಂದರಷ್ಟೇ ಬೇಕು, 0.9ರಿಂದ ಗುಣಿಸಿ ಡಿಗ್ರಿಗೆ ತನ್ನಿ.