ಬುಧವಾರ ಒಬ್ಬನೇ, ಶನಿವಾರ ಎಂಟು ಮಂದಿ: ಮೈಸೂರಿನ ಒಂದು ಆಪ್ತಸಮಾಲೋಚನಾ ಕೇಂದ್ರ

ಮಂಡ್ಯದವನಿಗೆ ನಾಲೆ ಕಂಡರೆ ಭಯ ಎಂದರೆ ಜನ ನಗುತ್ತಾರೆ. ಮೂರು ವರ್ಷದ ಹಿಂದೆ ನಮ್ಮ ಕಾರು ನಾಲೆಗೆ ಉರುಳಿತು. ನಾನು ದಡ ಸೇರಿದೆ, ತಮ್ಮ ಸೇರಲಿಲ್ಲ. ಆಮೇಲೆ ಶಾಲೆಗೆ ಸುತ್ತುದಾರಿಯಲ್ಲೇ ಹೋಗುತ್ತಿದ್ದೆ.

ಸರಸ್ವತಿಪುರಂ ಕಡೆಯ ಈ ಕೇಂದ್ರಕ್ಕೆ ಏಳು ತಿಂಗಳಿಂದ ಹೋಗುತ್ತಿದ್ದೇನೆ. ಬೈಯುವುದೂ ಇರುವುದರಿಂದ ಹೆಸರು ಬೇಡ.

ಬುಧವಾರ ಮನಶ್ಶಾಸ್ತ್ರಜ್ಞೆಯ ಎದುರು ಒಬ್ಬನೇ. ಮೊದಲ ನಾಲ್ಕು ವಾರ ಅವರು ನಾಲೆಯ ಸುದ್ದಿಯನ್ನೇ ಎತ್ತಲಿಲ್ಲ. ನಿದ್ದೆ, ಉಸಿರು, ಅಷ್ಟೇ. ನಂತರ ಇಎಂಡಿಆರ್, ಅಂದರೆ ಕಣ್ಣು ಆಡಿಸುತ್ತಾ ಕೆಟ್ಟ ನೆನಪಿನ ಕಾಟ ತಗ್ಗಿಸುವ ಚಿಕಿತ್ಸೆ. ಅವರ ಬೆರಳು ಎಡಕ್ಕೆ ಬಲಕ್ಕೆ ಓಡುತ್ತದೆ, ಕಣ್ಣು ಅದರ ಹಿಂದೆಯೇ ಹೋಗಬೇಕು, ಮನಸ್ಸು ಆ ರಾತ್ರಿಯಲ್ಲಿರಬೇಕು. 1987ರಲ್ಲಿ ಅಮೆರಿಕದ ಫ್ರಾನ್ಸಿನ್ ಶಪಿರೊ ಶುರುಮಾಡಿದ ಪದ್ಧತಿಯಂತೆ. ಗಣಿತದ ಮೇಷ್ಟರಾದ ನನಗೆ ಮೊದಲು ಮಾಟದಂತೆ ಕಂಡಿತು. ಆದರೆ ಕನಸಿನಲ್ಲಿ ನೀರು ತುಂಬುವುದು ನಿಂತಿತು.

ಶನಿವಾರ ಗುಂಪು. ನಡೆಸುವವರು ಬೇರೊಬ್ಬರು. ಅಲ್ಲಿ ದುರಂತದ ವಿವರ ಬಿಚ್ಚುವಂತಿಲ್ಲ, ಒಬ್ಬರದು ಇನ್ನೊಬ್ಬರನ್ನು ಕೆದಕೀತು ಎಂದು. ಈ ವಾರ ಹೇಗಿದ್ದಿರಿ, ಯಾರ ಮೇಲೆ ರೇಗಿದಿರಿ, ಇಂಥದ್ದೇ ಮಾತು. ತಮ್ಮನ ಹೆಂಡತಿಯ ಮುಖ ನೋಡಲಾಗುತ್ತಿಲ್ಲ ಎಂದು ಒಮ್ಮೆ ಅಲ್ಲಿ ಬಾಯಿಬಿಟ್ಟೆ. ಬಸ್ ಚಾಲಕರೊಬ್ಬರು, "ಮೇಷ್ಟ್ರೇ, ಆ ಮಗುವಿನ ಮನೆಯಿರುವ ರೂಟು ಬೇಡವೆಂದು ಡಿಪೋದಲ್ಲಿ ನಾನೂ ಕೈಮುಗಿದವನೇ" ಎಂದರು. ನಿಮ್ಮ ತಪ್ಪಲ್ಲ ಎಂದು ಬುಧವಾರದವರು ಇಪ್ಪತ್ತು ಸಲ ಹೇಳಿದ್ದರು. ಫೀಸು ತೆಗೆದುಕೊಂಡವರು ಇನ್ನೇನು ಹೇಳಿಯಾರು ಎಂದುಕೊಂಡಿದ್ದೆ. ಚಾಲಕರಿಗೆ ನಾನು ಟೀ ಕುಡಿಸಿದ್ದೂ ಇಲ್ಲ.

ಜಗಳವಾದದ್ದು ಆಮೇಲೆ. ಮುಂದಿನ ಬುಧವಾರ ಹೋದರೆ ಮನಶ್ಶಾಸ್ತ್ರಜ್ಞೆಗೆ ಆಗಲೇ ಎಲ್ಲ ಗೊತ್ತು! ಇಬ್ಬರೂ ಮಾತಾಡಿಕೊಳ್ಳಲು ನಾನೇ ಒಪ್ಪಿಗೆ ಕೊಟ್ಟಿದ್ದೆನಂತೆ. ಇಂಗ್ಲಿಷಿನ ಐದು ಪುಟಗಳಲ್ಲಿ ನನ್ನ ಸಹಿ ಇತ್ತು. ಕನ್ನಡದಲ್ಲಿ ಓದಿ ಹೇಳಲು ಇವರಿಗೇನು ಕಷ್ಟ? ಈಗ ಪ್ರತಿ ಶನಿವಾರ ಗುಂಪು ಏಳುವ ಮುನ್ನ, ಬುಧವಾರದವರಿಗೆ ಏನನ್ನು ದಾಟಿಸಲಿ ಎಂದು ಗುಂಪು ನಡೆಸುವವರು ಕೇಳುತ್ತಾರೆ. ಹಾಗೆ ದಾಟಿಸದಿದ್ದರೆ ನಾನು ಬುಧವಾರ ಎದುರಿಗೆ ಕುಳಿತು ತಮ್ಮನ ಹೆಂಡತಿಯ ವಿಷಯ ಮುಚ್ಚಿಟ್ಟೇ ಇರುತ್ತಿದ್ದೆ, ಅದೂ ನಿಜ.

ತಪ್ಪಿದ ದಿನಕ್ಕೂ ಹಣ ಕೀಳುತ್ತಾರೆ. ಏಳು ಗಂಟೆಯ ಮೇಲೆ ಫೋನ್ ಎತ್ತುವುದಿಲ್ಲ. ಒಂದು ರಾತ್ರಿ ಎದೆ ಹೊಡೆದುಕೊಂಡಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಕರೆ ಮಾಡಿದೆ. ಉಚಿತ, ಕನ್ನಡದಲ್ಲೇ ಮಾತಾಡಿದರು.

ರೈಲಿನಲ್ಲಿ ಬರುವಾಗ ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಎರಡು ಕವಲು ದಾಟಬೇಕು. ಮೊದಲು ಎರಡಕ್ಕೂ ಕಣ್ಣು ಮುಚ್ಚುತ್ತಿದ್ದೆ. ಈಗ ಮೊದಲನೆಯದಕ್ಕೆ ತೆರೆದಿರುತ್ತೇನೆ.