ಹೊಸ ಕಾರ್ ಸ್ಟೀರಿಯೋ ಹಾಕಿಸಿದ ಮೇಲೆ ಬ್ಯಾಟರಿ ಇಳಿಯುತ್ತಿದೆಯಾ? ದುಡ್ಡು ಕೊಡುವ ಮೊದಲು ಇದನ್ನು ಓದಿ

ಸ್ಟೀರಿಯೋ ಹಾಕಿಸಿದ ಮೇಲೆ ಕಾರು ಸ್ಟಾರ್ಟ್ ಆಗದಿದ್ದರೆ, ಹಾಕಿದವನೇ "ಬ್ಯಾಟರಿ ಹೋಗಿದೆ" ಅಂದರೆ ದಯವಿಟ್ಟು ನಂಬಬೇಡಿ. ನಾನು ನಂಬಿದೆ. ಇದನ್ನು ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ದೊಡ್ಡ ಸ್ಕ್ರೀನಿನ ಆಂಡ್ರಾಯ್ಡ್ ಸ್ಟೀರಿಯೋ. ಹಾಕಿಸಿದ ದಿನವೇ ಒಂದು ವಿಷಯ ಕಣ್ಣಿಗೆ ಬಿತ್ತು. ಕೀ ತೆಗೆದರೂ ಅದು ಹಾಡುತ್ತಲೇ ಇರುತ್ತಿತ್ತು, ಬಟನ್ ಒತ್ತಿ ಸ್ಕ್ರೀನ್ ಆಫ್ ಮಾಡಬೇಕಿತ್ತು. ಯಾಕೆ ಹೀಗೆ ಅಂತ ಕೇಳಿದ್ದಕ್ಕೆ ನಗುತ್ತಾ ಹೇಳಿದ: "ಅದು ಫೀಚರ್ ಸಾರ್, ಕೀ ಇಲ್ದೇನೂ ಹಾಡು ಕೇಳ್ಬಹುದು." ಫೀಚರ್ ಅಂತೆ!

ಆಮೇಲೆ ಶುರುವಾಯಿತು. ಎರಡು ದಿನ ಕಾರು ನಿಂತರೆ ಸಾಕು, ಕೀ ತಿರುಗಿಸಿದಾಗ ಟಕ್ ಟಕ್ ಸದ್ದು ಅಷ್ಟೇ. ಫೋನ್ ಮಾಡಿದರೆ "ಬ್ಯಾಟರಿ ಹಳೇದು ಸಾರ್, ಹೊಸ ಸ್ಟೀರಿಯೋ ಲೋಡ್ ತಡೀತಿಲ್ಲ" ಅಂದ. ಮೀಟರ್ ಇಟ್ಟು ನೋಡಲೂ ಇಲ್ಲ. ಹಳೆಯದನ್ನು ತಗೊಂಡು ಹೊಸ ಬ್ಯಾಟರಿ ಕೂರಿಸಿದ. ಅದೂ ಹಾಗೇ ಇಳಿಯಿತು. ಆಗ ಹೇಳುತ್ತಾನೆ, "ಹಾಗಾದ್ರೆ ಆಲ್ಟರ್ನೇಟರ್ ಚಾರ್ಜ್ ಮಾಡ್ತಿಲ್ಲ, ಅದನ್ನೂ ಬದಲಾಯಿಸ್ಬಿಡೋಣ." ಬಿಡೋಣ ಅಂತೆ, ದುಡ್ಡು ನನ್ನದು ತಾನೇ!

ಬೇರೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಆತ ಇಂಜಿನ್ ಸ್ಟಾರ್ಟ್ ಮಾಡಿ ಬ್ಯಾಟರಿಗೆ ಮೀಟರ್ ಹಿಡಿದ. 14.2 ವೋಲ್ಟ್, ಅಂದರೆ ಬ್ಯಾಟರಿ ಚಾರ್ಜ್ ಆಗುತ್ತಿದೆ, ಆಲ್ಟರ್ನೇಟರ್ ಸರಿಯಾಗೇ ಇದೆ. ಇಂಜಿನ್ ಆಫ್ ಮಾಡಿ, ಕಾರು ಲಾಕ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಬ್ಯಾಟರಿಯ ನೆಗೆಟಿವ್ ಕಡೆ ಮೀಟರನ್ನು ಸೀರೀಸ್‌ನಲ್ಲಿ (ಕರೆಂಟ್ ಮೀಟರ್ ಮೂಲಕವೇ ಹರಿಯುವ ಹಾಗೆ) ಹಾಕಿ ಕರೆಂಟ್ ಅಳೆದ. ಸಾಮಾನ್ಯವಾಗಿ 50 ಮಿಲಿಆಂಪಿಯರ್ ಒಳಗೆ ಇರಬೇಕು. ನನ್ನದು ಹತ್ತಿರ ಹತ್ತಿರ ಅರ್ಧ ಆಂಪಿಯರ್! ದಿನಕ್ಕೆ 12 ಆಂಪಿಯರ್ ಅವರ್ ಹಾಗೇ ಸೋರಿದರೆ 35 ಆಂಪಿಯರ್ ಅವರ್ ಬ್ಯಾಟರಿ ಎಷ್ಟು ದಿನ ತಡೆಯುತ್ತೆ ಹೇಳಿ. ಸ್ಟೀರಿಯೋ ಫ್ಯೂಸ್ ಕಿತ್ತ ಕೂಡಲೇ ಮೀಟರ್ ಸರ್ರನೆ ಇಳಿಯಿತು.

ಸ್ಟೀರಿಯೋ ಹೊರಗೆಳೆದಾಗ ನನಗೆ ಮಾತೇ ಹೊರಡಲಿಲ್ಲ. ಸ್ಟೀರಿಯೋ ಹಾಕಿದವನು ಕಂಪನಿ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್) ಕತ್ತರಿಸಿ ಹಾಕಿದ್ದಾನೆ. ಹಳದಿ ವೈರು ಮೆಮೊರಿಗೆ, ಅದಕ್ಕೆ ಯಾವಾಗಲೂ 12 ವೋಲ್ಟ್ ಬೇಕು. ಕೆಂಪು ವೈರಿಗೆ ಕೀ ಆನ್ ಆದಾಗ ಮಾತ್ರ ಸಪ್ಲೈ ಬರಬೇಕು. ಇವನು ಎರಡನ್ನೂ ಸೇರಿಸಿ ತಿರುಚಿ, ಟೇಪ್ ಸುತ್ತಿ ಯಾವಾಗಲೂ ಇರುವ ಸಪ್ಲೈಗೆ ಡೈರೆಕ್ಟ್ ಕೊಟ್ಟುಬಿಟ್ಟಿದ್ದ. ಕೀ ತೆಗೆದದ್ದು ಸ್ಟೀರಿಯೋಗೆ ಗೊತ್ತೇ ಆಗುತ್ತಿರಲಿಲ್ಲ. ಇದೇ ಅವನ ಫೀಚರ್! ಕೀ ವೈರು ಹುಡುಕುವ ಸೋಮಾರಿತನಕ್ಕೆ ಫೀಚರ್ ಅಂತ ಹೆಸರು. ಸಾಲದ್ದಕ್ಕೆ 10 ಆಂಪಿಯರ್ ಫ್ಯೂಸ್ ಜಾಗದಲ್ಲಿ 30ರದ್ದು. ಶಾರ್ಟ್ ಆದರೆ ಫ್ಯೂಸ್‌ಗಿಂತ ಮೊದಲು ವೈರು ಸುಡುತ್ತೆ, ಅಲ್ವಾ?

ವಾಪಸ್ ಹೋಗಿ ಕೇಳಿದೆ. "ಎಲ್ರೂ ಹೀಗೇ ಕೊಡೋದು ಸಾರ್." ಬ್ಯಾಟರಿ ದುಡ್ಡು? "ನೀವು ಬೇರೆಯವರ ಹತ್ರ ಬಿಚ್ಚಿಸಿದ್ದೀರಿ, ಇನ್ನು ವಾರಂಟಿ ಇಲ್ಲ." ಆಕ್ಸಿಲರೇಟರ್ ಒತ್ತಿದಂತೆ ಸ್ಪೀಕರಿನಲ್ಲಿ ಕುಂಯ್ ಅಂತ ಸದ್ದು ಏರುತ್ತಲ್ಲ ಅಂದರೆ, "ಹಾಡು ಜೋರಾಗಿಡಿ, ಕೇಳ್ಸಲ್ಲ." (ಅರ್ತ್ ವೈರನ್ನು ಪೇಂಟ್ ಮೇಲೆಯೇ ಸ್ಕ್ರೂ ಮಾಡಿದ್ದ. ಪೇಂಟ್ ಕೆರೆದು ಬಿಗಿ ಮಾಡಿದ ಮೇಲೆ ಆ ಸದ್ದೂ ಹೋಯಿತು.) ಕೊನೆಗೆ ನನ್ನ ಹಳೇ ಬ್ಯಾಟರಿಯನ್ನಾದರೂ ಕೊಡು ಅಂದೆ. "ಅದು ಅವತ್ತೇ ಮಾರಿ ಹೋಯ್ತು ಸಾರ್, ಒಳ್ಳೇ ಕಂಡೀಷನ್‌ನಲ್ಲಿತ್ತಲ್ಲ." ನನ್ನ ಮುಖಕ್ಕೇ ಹೇಳಿದ, ನಾಚಿಕೆಯೇ ಇಲ್ಲ.

ನಿಮ್ಮ ಕಾರಿಗೆ ಸರಿಹೊಂದುವ ಕಪ್ಲರ್ ಸಿಗುತ್ತೆ, ಅದನ್ನೇ ಹಾಕಿಸಿ, ವೈರು ಕತ್ತರಿಸಲು ಬಿಡಬೇಡಿ. ಕೀ ತೆಗೆದು ಬಾಗಿಲು ತೆರೆದ ಮೇಲೂ ಸ್ಟೀರಿಯೋ ಆಫ್ ಆಗದಿದ್ದರೆ ದುಡ್ಡು ಕೊಡದೆ ಅಲ್ಲೇ ಬಿಚ್ಚಿಸಿ ನೋಡಿ. ಮೀಟರನ್ನು ಸೀರೀಸ್‌ನಲ್ಲಿ ಹಾಕಿ ನೀವೇ ಅಳೆಯುವುದಾದರೆ ಆಗ ಮಾತ್ರ ಕಾರು ಸ್ಟಾರ್ಟ್ ಮಾಡಬೇಡಿ, ಮೀಟರ್ ಹೋಗುತ್ತೆ. "ಫೀಚರ್ ಸಾರ್" ಅಂದವನ ಹತ್ತಿರವಂತೂ ಒಂದು ಬಲ್ಬನ್ನೂ ಹಾಕಿಸಬೇಡಿ.